ಎಡಗಡೆಯಿಂದ ಬಂದ ಏಳು ಚೆಂಡು

"ಆ ಪೆನ್ನ ಇಲ್ಲಿ ಕೊಡ್ರಿ!"

ಮೈಯೆಲ್ಲ ಧೂಳು ಮೆತ್ತಿಕೊಂಡ ಹುಡುಗನೊಬ್ಬ ಸ್ಕೋರರ್ ಟೇಬಲ್ಲಿನ ಮೇಲೆ ಎರಡೂ ಕೈ ಊರಿ ನಿಂತಿದ್ದ. ಸ್ಕೋರ್ ಬರೆಯುತ್ತಿದ್ದ ಜಬೀನ ಪೆನ್ನು ಕೊಡಲಿಲ್ಲ.

"'ಲಿಫ್ಟರ್ ತಪ್ಪು' ಅಂತ ಹ್ಯಾಂಗ ಬರದ್ರಿ? ಹೊಡಿಯಾಂವ ತಡ ಮಾಡಿದಾ!"

"ಅಂವ ಸರಿಯಾಗೇ ಹಾರಿದ್ದ. ನೀವ ಚೆಂಡ ಗಿಡ್ಡ ಎತ್ತಿದ್ರಿ. ನಾ ಕಂಡದ್ದ ಬರದೀನಿ."

ರೋಣದ ಕಾಲೇಜು ಮೈದಾನದಲ್ಲಿ ಅವರ ಮೊದಲ ಭೇಟಿ ಹೀಗೆ ಜಗಳದಿಂದಲೇ ಶುರುವಾಯಿತು. ಅವನು ಗಜೇಂದ್ರಗಡದ ಅಕೀಬ, ಕಾಲೇಜಿನ ವಾಲಿಬಾಲ್ ತಂಡದ ಲಿಫ್ಟರ್. ನೆಟ್ಟಿನ ಹತ್ತಿರ ನಿಂತು, ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು. ಚಪ್ಪಾಳೆ ಹೊಡೆದವನಿಗೆ, ಬೈಗುಳ ಎತ್ತಿಕೊಟ್ಟವನಿಗೆ. ಇವಳು ನರಗುಂದದ ಜಬೀನ. ಓದಿಗಾಗಿ ರೋಣದ ಚಿಕ್ಕಮ್ಮನ ಮನೆಯಲ್ಲಿದ್ದಳು. ಪ್ರತಿ ಅಂಕ ಯಾರ ತಪ್ಪಿನಿಂದ ಹೋಯಿತೆಂದು ಬರೆದಿಡುವ ಕೆಲಸವನ್ನು ಆಟದ ಮೇಷ್ಟ್ರು ಅರ್ಜುನಪ್ಪ ಸರ್ ಅವಳಿಗೆ ಕೊಟ್ಟಿದ್ದರು.

ಮರುದಿನ ಅಕೀಬ ಮತ್ತೆ ಬಂದ. ತಲೆ ತಗ್ಗಿತ್ತು.

"ವಿಡಿಯೋ ನೋಡಿದೆ. ತಪ್ಪ ನಂದ ಇತ್ರಿ. ಇನ್ನ ಮ್ಯಾಲೆ ನನ್ನ ಪ್ರತಿ ಚೆಂಡೂ ಬರದಿಡ್ರಿ. ಎಲ್ಲಾರೂ ಭೇಷ್ ಅಂತಾರ. ಖರೇ ಹೇಳಾವ್ರು ಒಬ್ಬರರ ಬೇಕಲ್ಲ!"

ಅವರ ಪ್ರೀತಿ ಬೆಳೆದದ್ದು ಆ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ನಗಬೇಡಿ! ಯಾವ ಚೆಂಡು ಯಾವ ಕಡೆಯಿಂದ ಬಂತು, ಅವನು ಎತ್ತಿದನೋ ಬಿಟ್ಟನೋ... ಎರಡೂವರೆ ವರ್ಷ ಅವಳು ಅವನ ಕೈಗಳನ್ನಷ್ಟೇ ನೋಡಿದಳು. ಅಷ್ಟು ನೋಡಿದ ಮೇಲೆ ಮನಸ್ಸು ಉಳಿಯುತ್ತದೆಯೇ?

ಕೊನೆಯ ವರ್ಷದ ಜನವರಿಯಲ್ಲಿ ಪುಟ ತಿರುಗಿಸುತ್ತಿದ್ದವಳ ಕೈ ನಿಂತಿತು. ಮೂರು ಪಂದ್ಯಗಳಲ್ಲಿ ಅವನು ಕೈಬಿಟ್ಟದ್ದು ಏಳು ಚೆಂಡು. ಏಳೂ ಎಡಗಡೆಯಿಂದ ಬಂದವು.

'ಡಿಸೆಂಬರಿನಲ್ಲಿ ಅವನಿಗೆ ಚೆಂಡು ಬಡಿದದ್ದು ಎಡಗಣ್ಣಿಗೇ ಅಲ್ಲವೇ...'

"ಅಕೀಬ, ನಿಮಗ ಎಡಗಣ್ಣ ಕಾಣವಲ್ದು. ಹೌದಿಲ್ಲೋ?"

ಅವನು ಬೆಚ್ಚಿದ. ಆಮೇಲೆ ನಕ್ಕ. "ನಂಬರ ಬಂದದ ಅಷ್ಟ. ಚಸ್ಮಾ ಹಾಕಿದ್ರ ಮುಗೀತು. ಶನಿವಾರ ಯೂನಿವರ್ಸಿಟಿ ಟೀಮಿನ ಸೆಲೆಕ್ಷನ್ ಐತಿ. ಅಲ್ಲಿ ಆಡಿದವರಿಗೆ ಪೊಲೀಸ್ ನೌಕರಿ ಸಿಗತದ. ನೌಕರಿ ಸಿಕ್ರ ಸೀದಾ ನಿಮ್ಮ ಅಬ್ಬಾನ ಮುಂದ ಬಂದ ನಿಂದರ್ತೀನಿ. ಶನಿವಾರ ತನಾ ಸುಮ್ನಿರು, ಜಬೀನ."

ಆ ಸಂಜೆ ಅರ್ಜುನಪ್ಪ ಸರ್ ನೋಟ್‌ಬುಕ್ ಕೇಳುವವರಿದ್ದರು. ಎಂದೂ ಸುಳ್ಳು ಬರೆಯದ ಹುಡುಗಿ ಆ ಪುಟ ಹರಿದು ಬುರ್ಖಾದ ಜೇಬಿನಲ್ಲಿ ಬಚ್ಚಿಟ್ಟಳು.

ಶನಿವಾರ ಕತ್ತನ್ನೇ ಹೊರಳಿಸಿ ಹೊರಳಿಸಿ ಅಕೀಬ ಆಡಿದ. ಪಟ್ಟಿಯಲ್ಲಿ ಹೆಸರು ಬಂತು, ಜೆರ್ಸಿಯೂ ಬಂತು. ಅದನ್ನು ಅವನು ಒಮ್ಮೆಯೂ ತೊಡಲಿಲ್ಲ. ಹತ್ತನೇ ದಿನ ಬೆಳಗ್ಗೆ ಎದ್ದಾಗ ಎಡಗಣ್ಣಿನಲ್ಲಿ ಕತ್ತಲೆಯಷ್ಟೇ ಇತ್ತು.

ಹುಬ್ಬಳ್ಳಿಯ ದವಾಖಾನೆಗೆ ಓಡಿಬಂದ ಜಬೀನ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಡಾಕ್ಟರು ಅವನ ತಾಯಿ ಮಕ್ತುಮಬಿಗೆ ಹೇಳುತ್ತಿದ್ದರು: "ಕಣ್ಣಿನ ಒಳಪೊರಿ, ರೆಟಿನಾ, ಪೂರಾ ಕಿತ್ತ ಬಂದದ. ಹದಿನೈದ ದಿನಾ ಮೊದಲ ಬಂದಿದ್ರ ಕಣ್ಣ ಉಳೀತಿತ್ತ್ರಿ."

ಹದಿನೈದು ದಿನದ ಹಿಂದೆ... ತನಗೆ ಗೊತ್ತಿತ್ತು! ತಾನು ಬಾಯಿ ಬಿಟ್ಟಿದ್ದರೆ!

'ಯಾವ ಮುಖ ಹೊತ್ತು ಒಳಗೆ ಹೋಗಲಿ?'

ಅವಳು ಹೋಗಲಿಲ್ಲ. ನರಗುಂದಕ್ಕೆ ಮರಳಿದಳು, ಫೋನ್ ನಂಬರ್ ಬದಲಿಸಿದಳು. ಎರಡು ವರ್ಷಗಳಲ್ಲಿ ಬಂದ ಮೂರು ಸಂಬಂಧಗಳನ್ನು ಬೇಡವೆಂದಳು.

ಒಂದು ದಿನ ಅರ್ಜುನಪ್ಪ ಸರ್ ಮನೆಗೇ ಬಂದರು.

"ಗಜೇಂದ್ರಗಡದಾಗ ಸಾಲಿ ಹುಡುಗ್ಯಾರ ಟೂರ್ನಮೆಂಟ್ ಐತವಾ. ಸ್ಕೋರ್ ಬರಿಯಾಕ ಬಾ. ರಾಜೂರ ಹುಡುಗ್ಯಾರಿಗೆ ಆಟಾ ಕಲಿಸಾಂವ ಅಕೀಬನ."

ಅವಳು ಹೋದಳು. ಮೈದಾನದ ಅಂಚಿನಲ್ಲಿ ಅವನು ನಿಂತಿದ್ದ. ಎಡಗಡೆಯಿಂದ ಯಾರೋ ಕರೆದಾಗ ಇಡೀ ಮೈಯೇ ತಿರುಗಿತು.

ರಾಜೂರ ಹುಡುಗಿಯರು ಸೋತರು. ಮೈದಾನ ಖಾಲಿಯಾದ ಮೇಲೆ ಅವಳು ಬೆಂಚಿನ ಮೇಲೆ ಕುಳಿತವನ ಎದುರಿಗೆ ಹೋಗಿ ಮಡಚಿದ ಹಾಳೆಯೊಂದನ್ನು ಚಾಚಿದಳು.

"ಆ ಏಳ ಚೆಂಡಿನ ಪುಟಾ. ಸರ್‌ಗೆ ಕಾಣಬಾರ್ದಂತ ನಾನ ಹರದಿದ್ದೆ. ನಿಮ್ಮ ಕಣ್ಣ ನನ್ನಿಂದ ಹೋತು..."

ಅಕೀಬ ಹಾಳೆ ಬಿಡಿಸಿ ಏಳೂ ಸಾಲು ಓದಿದ.

"ಇದಕ್ಕ ಬಿಟ್ಟಹೋದೀ? ಒಂಟಿಗಣ್ಣಿನವ ಬ್ಯಾಡಾಗ್ಯಾನ ಅಂತ ನಾ ತಿಳದಿದ್ದೆ."

"ಬ್ಯಾಡಾಗೂದಾ? ಯಾ ಅಲ್ಲಾ!"

ಅಕೀಬ ಹಾಳೆಯನ್ನು ತೊಡೆಯ ಮೇಲಿಟ್ಟ. "ಜಬೀನ, ಚಸ್ಮಾ ನಂಬರ ಅಂದದ್ದು ಸುಳ್ಳು. ನೀ ಕೇಳೂಕಿಂತ ಒಂದ ವಾರ ಮೊದಲ ಬ್ಯಾರೆ ಡಾಕ್ಟರ ಕಡೆ ಹೋಗಿದ್ದೆ. 'ಇವತ್ತ ಆಪರೇಷನ್ ಆಗಬೇಕು, ಆಟಾ ಬಂದ್' ಅಂದ್ರು. ಚೀಟಿ ಹರದ ಒಗದೆ. ಗೊತ್ತಿದ್ದ ಆಡಿದೆ."

ಎರಡು ವರ್ಷ! ಮಾಡದ ಕೊಲೆಗೆ ಜೈಲು ಅನುಭವಿಸಿದಂತೆ ಎರಡು ವರ್ಷ!

"ನಿನಗ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಸುಮ್ನಿರಿಸಿದಿ? ಖರೇ ಹೇಳಾವ್ರು ಬೇಕು ಅಂದಾಂವ ನೀನ ಅಲ್ಲಾ!"

ಅವಳು ಅವನಿಗೆ ಏಕವಚನ ಬಳಸಿದ್ದು ಅದೇ ಮೊದಲು. ಅಕೀಬ ತಲೆ ಎತ್ತಲಿಲ್ಲ. "ಬೈ. ಇನ್ನೂ ಬೈ."

ಅವಳು ಹಾಳೆ ಕಿತ್ತುಕೊಂಡಳು. ಏಳನೇ ಸಾಲಿನ ಕೆಳಗೆ ಬರೆದಳು: 'ಲಿಫ್ಟರ್ ತಪ್ಪು.' ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಸ್ಕೋರರ್ ತಪ್ಪು.'

"ನಿಂದೇನ ತಪ್ಪು?"

"ಕಂಡದ್ದ ಹೇಳಲಿಲ್ಲ. ಅಷ್ಟ ಅಲ್ಲಾ, ದವಾಖಾನಿ ಬಾಗಲಾ ತನಾ ಬಂದ ಒಳಗ ಬರಲಿಲ್ಲ."

ಅವನ ಎರಡೂ ಕಣ್ಣು ತುಂಬಿ ಹರಿದವು. ಕಾಣದ ಕಣ್ಣಿಗೂ ನೀರು ಬರುತ್ತದೆ ಎಂಬುದು ಅವಳಿಗೆ ಅಂದು ತಿಳಿಯಿತು.

ಅಕೀಬ ಬೆಂಚಿನ ಬಲಕ್ಕೆ ಸರಿದು ಎಡಗಡೆ ಜಾಗ ಬಿಟ್ಟ. ಜಬೀನ ಸುತ್ತಿ ಬಂದು ಬಲಗಡೆಯ ತುದಿಯಲ್ಲೇ ಒತ್ತರಿಸಿ ಕುಳಿತಳು.

"ಎಡಕ್ಕ ಕುಂಡ್ರತಿ ಅನ್ಕೊಂಡೆ," ಎಂದ.

"ಅಲ್ಲಿ ಕುಂತ್ರ ನಾ ಅಳೂದು ನಿನಗ ಕಾಣಂಗಿಲ್ಲ. ಎರಡ ವರ್ಷ ಯಾರಿಗೂ ಕಾಣದಂಗ ಅತ್ತೀನಿ. ಸಾಕಾಗೇದ."

"ನಗೂದು ಯಾವಾಗ ಕಾಣಬೇಕು?"

"ಅದಕ್ಕ ಇನ್ನೂ ಭಾಳ ದಿನಾ ಹಿಡೀತದ, ಅಕೀಬ."

"ಹಂಗಾರ ಬರಕೋ," ಎಂದು ಅವಳ ಕೈ ಹಿಡಿದ. "ಲಿಫ್ಟರ್ ಕಾಯ್ತಾನ ಅಂತ."