ಬಿಸಿ ಮರಳಿನಲ್ಲಿ ಮನೆಯಳಿಯ

ಇಬುಸುಕಿಯ ಕಡಲದಂಡೆಯಲ್ಲಿ ಮಲಗಿದ ಗಂಡಸಿಗೆ ಓಡಿಹೋಗುವ ದಾರಿಯೇ ಇಲ್ಲ. ಮರಳುಸ್ನಾನಕ್ಕೆಂದು ಕತ್ತಿನವರೆಗೂ ಬಿಸಿ ಮರಳು ಹೊದಿಸಿರುತ್ತಾರೆ. ಮರಳು ಹೊದಿಸುವ ಕೆಲಸದ ಮಿಯೊ ಇವತ್ತು ಸೋಹೆಯ ಮೇಲೆ ಬೇಕೆಂದೇ ಇನ್ನೆರಡು ಸಲಿಕೆ ಹೆಚ್ಚು ಎಳೆದಳು.

ಅವನು ಪ್ರವಾಸಿ ಬಸ್ಸಿನ ಗೈಡು. ಕೈಮೊನ್ ಬೆಟ್ಟ, ಇಕೆದಾ ಸರೋವರದ ದೈತ್ಯ ಹಾವುಮೀನು, ತಣ್ಣೀರಿನ ಸುಳಿಯಲ್ಲಿ ಸುತ್ತಿಸಿ ಬಡಿಸುವ ಶ್ಯಾವಿಗೆ ಎಲ್ಲ ತೋರಿಸಿ, ಕೊನೆಗೆ ಜನರನ್ನು ಇಲ್ಲಿಗೆ ತಂದು ತಾನೂ ಅವಳ ಸಾಲಿನಲ್ಲೇ ಮಲಗುತ್ತಿದ್ದ. ಅವಳು ಬೆವರು ಒರೆಸುವಾಗ ನಿದ್ದೆಯ ನಾಟಕವಾಡಿ ರೆಪ್ಪೆಯ ಸಂದಿಯಿಂದ ನೋಡುತ್ತಿದ್ದ. ಅವಳಿಗೂ ಅದು ಗೊತ್ತಿತ್ತು.

ಇವತ್ತು ಅವನ ಕೂದಲಲ್ಲಿ ಹೊಗೆಯಲ್ಲಿ ಒಣಗಿಸಿದ ಮೀನಿನ ವಾಸನೆ. ಯಾಮಾಗಾವಾದ ಒಣಮೀನಿನ ಸಾಹುಕಾರ ಅವನನ್ನು ಮನೆಯಳಿಯನಾಗಿ ಕೇಳಿದ್ದಾನೆಂಬ ಸುದ್ದಿ ಹಾಗಾದರೆ ನಿಜ.

“ಹೋಗಿದ್ಯಾ?”

“ಬೆಳಿಗ್ಗೆ.”

“ನನಗೊಂದು ಮಾತು ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ನಿಮ್ಮಪ್ಪನಿಗೂ ಗಂಡುಮಕ್ಕಳಿಲ್ಲ. ನಾನು ಮೂರನೇ ಮಗ, ನಿಮ್ಮ ಮನೆ ಹೆಸರು ಇಟ್ಕೊಂಡು ಅಲ್ಲೇ ಇರ್ತಿದ್ದೆ. ಆದ್ರೆ ಹೆಣ್ಣಿನ ಮನೆಯವರು ಕೇಳ್ಬೇಕಲ್ವಾ? ನಾನೇ ಬಂದು ಅಳಿಯ ಆಗ್ತೀನಿ ಅಂದ್ರೆ ಊರು ನಗಲ್ವಾ?”

ಸಲಿಕೆ ನಿಂತಿತು. ಅವನು ಬಾಯಿಬಿಡಲೆಂದು ಅವಳು, ಅವಳ ಮನೆಯವರು ಕೇಳಲೆಂದು ಅವನು, ಇಬ್ಬರೂ ಮರ್ಯಾದೆ ಕಾಯುತ್ತ ವರ್ಷಗಳನ್ನೇ ಹಾಳುಮಾಡಿಕೊಂಡಿದ್ದರು.

“ನಮ್ಮಲ್ಲಿ ಗೆಣಸಿನ ಹೊಲ ಬಿಟ್ರೆ ಏನಿದೆ? ಯಾವ ಮುಖ ಇಟ್ಕೊಂಡು ಅಪ್ಪ ಕೇಳ್ತಾರೆ?” ಅವಳು ಅವನ ಮುಖದತ್ತ ಬಾಗಿದಳು. “ಸರಿ, ನಾನೇ ಕೇಳ್ತೀನಿ. ನಮ್ಮನೆಗೆ ಬರ್ತೀಯಾ?”

ಪಕ್ಕದಲ್ಲಿ ಹೂತುಕೊಂಡಿದ್ದ ಪ್ರವಾಸಿ ಅಜ್ಜಿಯರು ಹರಟೆ ನಿಲ್ಲಿಸಿ ಇತ್ತ ಕತ್ತು ತಿರುಗಿಸಿದರು.

ಸೋಹೆಯ ಮುಖ ಬಾಡಿತು. “ಒಪ್ಪಿಗೆಯ ಬಟ್ಟಲು ಕುಡಿದುಬಿಟ್ಟೆ ಕಣೇ.”

ಮದುವೆಯ ಮಧ್ಯಸ್ಥನ ಎದುರು ಒಂದು ಮನೆಯ ಮದ್ಯದ ಬಟ್ಟಲು ಕುಡಿದವನು ಆ ಮನೆಗೇ ಸೇರಿದವನು. ಹಿಂದೆ ಸರಿದರೆ ಈ ಕರಾವಳಿಯಲ್ಲಿ ಅವನಷ್ಟೇ ಅಲ್ಲ, ಅವನ ಅಣ್ಣಂದಿರೂ ತಲೆಯೆತ್ತಿ ತಿರುಗುವಂತಿಲ್ಲ. ಮಿಯೊ ಟವೆಲ್ ತೆಗೆದು ಅವನ ಮುಖ ಒರೆಸಿದಳು.

“ಮನಸ್ಸು ಯಾರ ಮನೇಲಿದೆ?”

“ಅದನ್ನೂ ಕೇಳ್ಬೇಕಾ?”

“ಹಾಗಾದ್ರೆ ಏಳು. ಸಾಹುಕಾರರ ಮನೆಗೆ ಹೋಗಿ ಚಾಪೆಗೆ ಹಣೆ ಹಚ್ಚಿ ಕ್ಷಮೆ ಕೇಳೋಣ.”

“ತಪ್ಪು ನಂದು. ಉಗಿಸ್ಕೊಳ್ಳೋಕೆ ನೀನ್ಯಾಕೆ?”

ಅವಳು ಸಲಿಕೆ ಬಿಸುಟು ಮಂಡಿಯೂರಿ, ಎರಡೂ ಕೈಯಿಂದ ಮರಳು ಬಾಚತೊಡಗಿದಳು.

“ನಮ್ಮನೆ ಅಳಿಯ ಒಬ್ಬನೇ ತಲೆ ಬಗ್ಗಿಸ್ಬಾರ್ದು.”