ಸುಳ್ಳುಮೀನು

"ತಟ್ಟಿತು," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

"ಜೋರಾಗಿ ತಟ್ಟಿತಾ, ಮೆತ್ತಗಾ?"

"ಮೆತ್ತಗೆ. ಎರಡು ಸಲ."

"ಹಾಗೇ ಸುತ್ತುತ್ತಾ ಇರಿ. ನಿಧಾನ. ಈಗ?"

ಅವಳು ರೀಲಿನ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು. "ಹೂಂ. ಈಗಲೂ."

ಮುಂದಿನ ಪ್ರಶ್ನೆಗೆ ಕಾದು ಅವಳು ಕಣ್ಣು ತೆರೆದಳು. ಗಾಳದ ರಾಡಿನ ತುದಿಯಿಂದ ಹೊರಟ ದಾರ ನೀರಿಗೆ ಇಳಿದೇ ಇರಲಿಲ್ಲ. ಅದು ಬಂದರುಕಟ್ಟೆಯ ಕಲ್ಲಿನ ಮೇಲೆ ಸೊಟ್ಟಪಟ್ಟ ಬಿದ್ದುಕೊಂಡು, ಅವನ ಬೂಟಿನ ಪಕ್ಕದಲ್ಲಿ ಹಾದು, ಅವನ ಅಂಗೈಯಲ್ಲಿ ಮುಗಿದಿತ್ತು. ಅಂಗೈಯಲ್ಲಿ ಬೆರಳುದ್ದದ ರಬ್ಬರ್ ಮೀನು ಬಣ್ಣದ ಕಣ್ಣು ಬಿಟ್ಟುಕೊಂಡು ಮಲಗಿತ್ತು.

"ಬೀಸಿದ ಹಾಗೆ ಮಾಡಿದೆ ಅಷ್ಟೇ," ಎಂದ ಅವನು. "ಎಸೀಲೇ ಇಲ್ಲ. ಕಿವಿಯವರು ನೀವು, ನೀರಲ್ಲಿ ಪುಳಕ್ ಅನ್ನಲಿಲ್ಲ ಅಂತಾದರೂ ಗೊತ್ತಾಗಬಾರದಿತ್ತಾ?"

ಇಂಥ ಮಾತಿಗೆ ನಗಬೇಕು ಎಂದು ಅವಳಿಗೆ ಗೊತ್ತಿತ್ತು. ನಕ್ಕಳು. ಅವನು ನಗಲಿಲ್ಲ.

"ಎಷ್ಟು ದಿನದಿಂದ ಹೀಗೆ ಸುಳ್ಳು ಹೇಳ್ತಿದ್ದೀರಿ?"

"ಮೊದಲನೇ ದಿನದಿಂದ."

"ಒಂದು ಸಲನೂ ತಟ್ಟಿಲ್ಲವಾ?"

"ತಟ್ಟಿರಬಹುದು. ನನಗೆ ಗೊತ್ತಾಗಿಲ್ಲ."

"ಮತ್ಯಾಕೆ ಹೂಂ ಅಂದಿರಿ?"

"ನೀವು ಕೇಳುವಾಗ ನಿಮ್ಮ ಮುಖ ಹಾಗಿರುತ್ತೆ."

"ಹೇಗೆ?"

"ರಿಸಲ್ಟ್ ನೋಡೋಕೆ ಬಂದವರ ಹಾಗೆ."

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಉಪ್ಪುನೀರಿನ ಚುಕ್ಕೆಗಳು ಅಳಿಸಿ ಈಗ ಉಪ್ಪುನೀರಿನ ಗೆರೆಗಳಾದವು.

ಅವನು ಕನ್ನಡಕದ ಅಂಗಡಿಯವನು. ದಿನವಿಡೀ ಕತ್ತಲೆ ಕೋಣೆಯಲ್ಲಿ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುವುದು ಅವನ ಕೆಲಸ. ಅವಳದು ಕಿವಿಯ ಕ್ಲಿನಿಕ್ಕು. ಜನರನ್ನು ಸದ್ದು ಹೊಗದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿ, ಕೈಗೊಂದು ಬಟನ್ ಕೊಟ್ಟು, "ಕೇಳಿಸಿದಾಗ ಒತ್ತಿ" ಎನ್ನುವುದು. ಪರಿಚಯವಾದ ಬೆಳಿಗ್ಗೆಯೇ ಅವನು ಅವಳನ್ನು 'ಕಿವಿಯವರು' ಅಂದ. ಅವಳು 'ಕಣ್ಣಿನವರು' ಅಂದಳು. ಆಮೇಲೆ ಹೆಸರು ಕೇಳಬೇಕು ಅಂತ ಇಬ್ಬರಿಗೂ ಹೊಳೆದಿರಲಿಲ್ಲ.

ಅವಳನ್ನು ಕಟ್ಟೆಗೆ ಅಟ್ಟಿದ್ದು ಅಕ್ಕ. ಗಂಡನಿಂದ ಬೇರೆಯಾಗಿ ಬಂದ ಮೇಲೆ ಅವಳು ಅಕ್ಕನ ಮನೆಯಲ್ಲಿ, ವಾಷಿಂಗ್ ಮೆಷಿನ್ನಿನ ಜೊತೆ ಒಂದು ಕೋಣೆ ಹಂಚಿಕೊಂಡಿದ್ದಳು. ನಿದ್ದೆ ಬೇಗ ಬಿಟ್ಟುಹೋಗುತ್ತಿತ್ತು. ಬೆಳಕು ಹರಿಯುವ ಮೊದಲೇ ಎದ್ದು ಅಡುಗೆಮನೆಯಲ್ಲಿ ಲೋಟಗಳನ್ನು ದೊಡ್ಡದು ಚಿಕ್ಕದು ಅಂತ ಜೋಡಿಸುತ್ತಿದ್ದಳು. "ಕಳ್ಳಬೆಕ್ಕಿನ ಹಾಗೆ ಓಡಾಡಿ ನನ್ನ ಪ್ರಾಣ ತಿನ್ನಬೇಡ," ಎಂದು ಅಕ್ಕ ಒಂದು ದಿನ ಬಾಗಿಲ ಹಿಂದಿನಿಂದ ಭಾವನ ರಾಡು ತೆಗೆದುಕೊಟ್ಟಳು. ಭಾವ ಅದನ್ನು ಉತ್ಸಾಹದಿಂದ ಕೊಂಡು, ಒಂದೇ ವಾರದಲ್ಲಿ ಉತ್ಸಾಹವನ್ನೂ ರಾಡನ್ನೂ ಮೂಲೆಗೆ ಸೇರಿಸಿದ್ದ. "ಹೋಗಿ ಗಾಳಿಯಾದರೂ ಕುಡಿದು ಬಾ."

ಅವಳು ಹೂಂ ಅಂದು ಹೋದಳು.

ಎಲ್ಲದಕ್ಕೂ ಹೂಂ ಅನ್ನುವುದು ಅವಳ ಅಭ್ಯಾಸ. ಮದುವೆಗೆ ಹೂಂ ಅಂದಿದ್ದಳು. ಗಂಡ ಸೋಫಾಕ್ಕೆ ಬೂದು ಬಣ್ಣ ಸಾಕಾ ಅಂದರೆ ಹೂಂ, ಈ ವರ್ಷ ಮಗು ಬೇಡ ಅಂದರೆ ಹೂಂ. ಕೊನೆಗೊಂದು ಬೆಳಿಗ್ಗೆ ಅವನು ಟೋಸ್ಟಿಗೆ ಬೆಣ್ಣೆ ಸವರುತ್ತಾ, "ನಿನ್ನ ಜೊತೆ ಮಾತಾಡೋದಕ್ಕಿಂತ ಗೋಡೆ ವಾಸಿ. ಗೋಡೆಗೆ ತಲೆ ಚಚ್ಚಿದರೆ ನೋವಾದರೂ ಆಗುತ್ತೆ. ಬೇರೆಯಾಗೋಣ," ಎಂದ. ಅವಳು ಅದಕ್ಕೂ ಹೂಂ ಅಂದಳು. ಅಳು ಬರುತ್ತದೇನೋ ಎಂದು ಕೆಲವು ದಿನ ಕಾದಳು. ಬರಲಿಲ್ಲ. ದಂತವೈದ್ಯರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿಯನ್ನು ಮುಟ್ಟಿ ನೋಡಿಕೊಂಡರೆ ಬೆರಳಿಗೆ ಮಾತ್ರ ತುಟಿ ಗೊತ್ತಾಗುತ್ತದಲ್ಲ, ಹಾಗೆ ದಿನಗಳು ಹೋದವು.

ಬಂದರಿನಲ್ಲಿ ಅವಳಿಗೆ ಮೊದಲು ದಾರಕ್ಕೆ ಗಂಟು ಹಾಕಲು ಕಲಿಸಿದವನು ಈ ಕನ್ನಡಕದವನು. "ಹುಳ ಗಿಳ ಏನೂ ಬೇಡ," ಎಂದು ರಬ್ಬರ್ ಮೀನನ್ನು ಅವಳ ಮುಖದೆದುರು ಕುಣಿಸಿ, "ಇದು ಸುಳ್ಳುಮೀನು. ಎಸೆದು ಸುಮ್ಮನೆ ಸುತ್ತಿದರೆ ಸತ್ತ ರಬ್ಬರು. ಒಂಚೂರು ಎಳೆದು, ಒಂಚೂರು ನಿಲ್ಲಿಸಿ, ಆಸೆ ಹುಟ್ಟಿಸಬೇಕು," ಅಂದಿದ್ದ.

"ಪಾಪ, ಮೋಸ ಅಲ್ಲವಾ?"

"ಮೋಸವೇ. ಅದಕ್ಕೇ ಹಿಡಿದದ್ದನ್ನ ಕ್ಷಮೆ ಕೇಳಿ ವಾಪಸ್ ಬಿಡ್ತೀನಿ."

"ಕ್ಷಮೆ ಕೇಳ್ತೀರಾ? ಜೋರಾಗಿಯಾ?"

"ನಿಮ್ಮ ಎದುರು ಮನಸ್ಸಲ್ಲೇ ಕೇಳ್ತೀನಿ. ಮರ್ಯಾದೆ ಪ್ರಶ್ನೆ."

ಗಂಟು ಹಾಕುವಾಗ ಅವನು ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, ದಾರವನ್ನು ಮೂಗಿನ ಹತ್ತಿರ ತಂದುಕೊಳ್ಳುತ್ತಿದ್ದ. ಆಗ ಅವನ ಮುಖಕ್ಕೆ ಬಾಗಿಲು ತೆರೆದಿಟ್ಟ ಮನೆಯ ಕಳೆ ಬರುತ್ತಿತ್ತು. ಒಂದು ಮಾರು ದೂರದ್ದೂ ಕಾಣುವುದಿಲ್ಲ ಎಂದು ಅವನೇ ಹೇಳಿದ್ದ. ಹಾಗಾಗಿ ಅವಳು ಆ ಹೊತ್ತು ಅವನನ್ನು ಧಾರಾಳವಾಗಿ ನೋಡುತ್ತಿದ್ದಳು. ಎಡಹುಬ್ಬಿನಲ್ಲಿ ಒಂದು ಕೂದಲು ಮಾತ್ರ ಬಿಳಿ. ಮೂಗಿನ ಇಕ್ಕೆಲಗಳಲ್ಲಿ ಕನ್ನಡಕ ಕೂತು ಆದ ಎರಡು ಗುಳಿ. ದಾರದ ತುದಿಯನ್ನು ಹಲ್ಲಿನಿಂದ ಬಿಗಿಯುವಾಗ ಅವನ ಕಣ್ಣು ತಾನೇ ತಾನಾಗಿ ಅರ್ಧ ಮುಚ್ಚುತ್ತಿತ್ತು. ನೋಡಿ ಅವಳಿಗೆ ಏನಾದರೂ ಆಗುತ್ತಿತ್ತೇ ಎಂದರೆ, ಇಲ್ಲ. ಆದರೂ ನೋಡುತ್ತಿದ್ದಳು.

ಈಗ ಅವನು ದಾರವನ್ನು ಕಲ್ಲಿನ ಮೇಲಿಂದ ಎತ್ತಿ ಸುತ್ತತೊಡಗಿದ. "ತಮಾಷೆಗೆ ಮಾಡಲಿಲ್ಲ," ಎಂದ. "ಇವತ್ತು ನಿಮ್ಮ ಹತ್ತಿರ ಒಂದು ಮಾತು ಕೇಳಬೇಕಿತ್ತು. ಕೇಳೋಕೆ ಮೊದಲು ಯಂತ್ರ ಸರಿ ಇದೆಯಾ ಅಂತ ನೋಡಿಕೊಂಡೆ."

"ನಾವೂ ಕ್ಲಿನಿಕ್ಕಲ್ಲಿ ಬೆಳಿಗ್ಗೆ ಹಾಗೇ ಮಾಡ್ತೀವಿ. ಯಾರೂ ಕೂರೋ ಮೊದಲು."

"ಗೊತ್ತು. ನೀವೇ ಹೇಳಿದ್ದಿರಿ." ಅವನು ಕ್ರೇನುಗಳ ಕಡೆ ನೋಡಿದ. "ನಮ್ಮ ಅಂಗಡಿಯ ಮಾಲೀಕರು ಇನ್ನೊಂದು ಊರಲ್ಲೂ ಒಂದು ತೆಗೀತಿದ್ದಾರೆ. ನನ್ನನ್ನು ಅಲ್ಲಿಗೆ ಹೋಗು ಅಂತಿದ್ದಾರೆ. ಇಲ್ಲಿಂದ ರಾತ್ರಿಯೆಲ್ಲ ರೈಲು. ಸೋಮವಾರ ಉತ್ತರ ಕೊಡಬೇಕು. ನೀವು ಇರಿ ಅಂದರೆ ಇರ್ತೀನಿ."

"ಇರಿ," ಎಂದಳು ಅವಳು, ತಕ್ಷಣ.

ಅವನು ಅವಳ ಕಡೆ ತಿರುಗಿದ. ಆ ಕೊಳೆಗಾಜುಗಳ ಹಿಂದೆ ಅವನ ಕಣ್ಣು ಒಂದು ಕ್ಷಣ ಅರಳಿತು. ಆಮೇಲೆ ನಿಧಾನವಾಗಿ, ಅಂಗಡಿ ಮುಚ್ಚುವವರು ಒಂದೊಂದೇ ದೀಪ ಆರಿಸುವಂತೆ, ಇಳಿಯಿತು.

"ಎರಡು ಸಲ ತಟ್ಟಿತು ಅಂದಿರಲ್ಲ, ಅದೇ ದನಿ," ಎಂದ. "ಸೋಮವಾರ ಹೇಳಿ. ಅವಸರ ಇಲ್ಲ."

ಆ ದಿನ ಕ್ಲಿನಿಕ್ಕಿಗೆ ಬಂದ ಮೊದಲನೆಯವರು ಒಬ್ಬ ಅಜ್ಜಿ. ಸದ್ದು ಕಳಿಸಿದರೂ ಒತ್ತಿದರು, ಕಳಿಸದಿದ್ದರೂ ಒತ್ತಿದರು. ಅವಳು ಬೇಕೆಂದೇ ಉದ್ದಕ್ಕೆ ಮೌನ ಬಿಟ್ಟಳು. ಅಜ್ಜಿ ಆ ಮೌನದುದ್ದಕ್ಕೂ ಒತ್ತಿದರು. ಅವಳು ಪೆಟ್ಟಿಗೆಯ ಬಾಗಿಲು ತೆಗೆದಳು.

"ಅಜ್ಜೀ, ಕೇಳಿಸಿದಾಗ ಮಾತ್ರ ಒತ್ತಬೇಕು."

"ಗೊತ್ತು ಕಣಮ್ಮ. ಪಾಪ, ಆವಾಗಿಂದ ಗಾಜಿನ ಆಚೆ ಒಬ್ಬಳೇ ಕೂತಿದ್ದೀಯ. ಬೇಜಾರು ಮಾಡ್ಕೋತೀಯ ಅಂತ ಒತ್ತಿದೆ."

"ಕೇಳಿಸದಿದ್ದರೆ ತಪ್ಪೇನಿಲ್ಲ. ಆದರೆ ಸುಳ್ಳು ಒತ್ತಿದರೆ ನಿಮಗೆ ತಪ್ಪು ಯಂತ್ರ ಕೊಟ್ಟುಬಿಡ್ತೀವಿ. ಆಮೇಲೆ ವರ್ಷಗಟ್ಟಲೆ ಅದನ್ನ ಕಿವಿಯಲ್ಲಿ ಇಟ್ಟುಕೊಂಡು ತಿರುಗೋರು ನೀವು."

ಈ ಮಾತನ್ನು ಅವಳು ವಾರಕ್ಕೆ ಹತ್ತು ಜನಕ್ಕೆ ಹೇಳುತ್ತಿದ್ದಳು. ಇವತ್ತು ಹೇಳಿ, ಬಾಗಿಲಿನ ಹಿಡಿ ಹಿಡಿದುಕೊಂಡು ನಿಂತೇಬಿಟ್ಟಳು. "ಏನಮ್ಮಾ, ನಿನಗೆ ಕೇಳಿಸಲಿಲ್ಲವಾ? ಇನ್ನೊಂದು ಸಲ ಶುರುಮಾಡು ಅಂದೆ," ಎಂದು ಅಜ್ಜಿ ಎರಡು ಸಲ ಕೂಗಬೇಕಾಯಿತು.

ಸಂಜೆ ಅಕ್ಕ ಇಸ್ತ್ರಿ ಮಾಡುತ್ತಾ ಎಲ್ಲವನ್ನೂ ಬಾಯಿ ಬಿಡಿಸಿದಳು. ಬಿಡಿಸಿ, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಹೂಂ ಅನ್ನೇ! ಹೂಂ ಅನ್ನೋದೇನು ನಿನಗೆ ಹೊಸದಾ? ಹೂಂ ಅನ್ನಬಾರದವರಿಗೆಲ್ಲ ಹೂಂ ಅಂದು, ಇವನ ಹತ್ತಿರ ಬಂದಾಗ ನಾಲಿಗೆ ಬಿದ್ದುಹೋಯ್ತಾ?"

"ಅಂದೆ. ಅವರು ನಂಬಲಿಲ್ಲ."

"ಹಾಗಾದರೆ ಸರಿಯಾಗಿ ಅನ್ನು. ಸ್ವಲ್ಪ ಉಪ್ಪು ಖಾರ ಹಾಕಿ ಅನ್ನು. ಪ್ರೀತಿ ಗೀತಿ ಎಲ್ಲ ಆಮೇಲೆ ಬರುತ್ತೆ. ನನಗೆ ನಿಮ್ಮ ಭಾವನ ಮೇಲೆ ಬಂದಿದ್ದು ಅವರ ಅಪೆಂಡಿಕ್ಸ್ ಆಪರೇಷನ್ ಆದ ಮೇಲೆ."

"ನನಗೆ ಕೇಳಿಸ್ತು!" ಎಂದು ಒಳಗಿನಿಂದ ಭಾವ ಕೂಗಿದ.

"ಕೇಳಿಸಲಿ ಅಂತಲೇ ಹೇಳಿದ್ದು!" ಅಕ್ಕ ತಂಗಿಯ ಕಡೆ ತಿರುಗಿದಳು. ದನಿ ಇಳಿಯಿತು. "ಒಳ್ಳೆಯವನು ಅಂತೀಯ. ಅವನು ಹೊರಟುಹೋದರೆ ನಿನಗೇನೂ ಆಗಲ್ಲವಾ?"

"ಗೊತ್ತಿಲ್ಲ ಅಕ್ಕ."

ಅಕ್ಕ ಅವಳ ಕೆನ್ನೆಯನ್ನು ಮುಟ್ಟಿದಳು. ಇಸ್ತ್ರಿಯ ಬಿಸಿ ಇನ್ನೂ ಅಕ್ಕನ ಬೆರಳಲ್ಲಿತ್ತು. ಬಿಸಿ ಇದೆ ಎಂದು ಅವಳು ಗಮನಿಸಿದಳು.

ಸೋಮವಾರ ಅವನು ಅವಳಿಗಿಂತ ಮೊದಲೇ ಬಂದು ಗಾಳ ಎಸೆಯುತ್ತಿದ್ದ. ಕೋಲ್ಡ್ ಸ್ಟೋರೇಜಿನ ಗೋಡೆಯ ದೀಪಗಳು ಇನ್ನೂ ಉರಿಯುತ್ತಿದ್ದವು. ಮೊದಲ ಫೆರಿ ಎಂಜಿನ್ ಬಿಸಿ ಮಾಡುತ್ತಾ ನೀರಿನ ಮೇಲೆ ಡೀಸೆಲ್ಲಿನ ಕಾಮನಬಿಲ್ಲು ಹರಡಿತ್ತು. ಅವಳು ಹತ್ತಿರ ಹೋಗುವಷ್ಟರಲ್ಲಿ ಅವನ ರಾಡು ಬಾಗಿತು.

"ಬನ್ನಿ ಬನ್ನಿ, ಹಿಡೀರಿ!" ಎಂದು ರಾಡನ್ನು ಅವಳ ಕೈಗೆ ತುರುಕಿದ. "ಇದು ಸುಳ್ಳಲ್ಲ, ಪ್ರಮಾಣ!"

ಮೀನು ಎಳೆಯಿತು. ಅವನು ಹೇಳಿದಂತೆ ಅವಳು ಎಳೆದಳು, ಹೇಳಿದಂತೆ ಬಿಟ್ಟಳು. ತೋಳು ಸೋತಿತು. ಕೊನೆಗೆ ಅವನ ಕೈಬಲೆಯಲ್ಲಿ ಮೇಲೆ ಬಂದದ್ದು ಮೊಳದುದ್ದದ ಬೆಳ್ಳಿಬಣ್ಣದ ಮೀನು. ಅವನು ಮಂಡಿಯೂರಿ, ಗಾಳ ಬಿಡಿಸಿ, ತುಟಿ ಅಲ್ಲಾಡಿಸಿ ಏನೋ ಅಂದು, ಅದನ್ನು ಕಟ್ಟೆಯ ಮೆಟ್ಟಿಲ ಹತ್ತಿರ ನೀರಿಗೆ ಬಿಟ್ಟ.

"ಏನನ್ನಿಸಿತು?" ಎಂದು ಕೇಳಿದ. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತೋ ಏನೋ, ಬಲೆಯನ್ನು ಮಡಚತೊಡಗಿದ.

"ಭಾರ ಅನ್ನಿಸಿತು," ಎಂದಳು. "ಅಷ್ಟೇ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅವಳೇ ಮಾತು ಶುರುಮಾಡಿದಳು.

"ಗಾಳಿ ತಣ್ಣಗಿದೆ ಅಂತ ಗೊತ್ತಾಗುತ್ತೆ. ಚಳಿ ಆಗಲ್ಲ. ಎಲ್ಲ ಹಾಗೇ. ಹೋದ ತಿಂಗಳು ನಿಮಗೆ ನೆಗಡಿಯಾಗಿ ನೀವು ಬರಲಿಲ್ಲವಲ್ಲ, ಆವತ್ತು ನಾನು ರಾಡು ಚೀಲದಿಂದ ತೆಗೀಲೇ ಇಲ್ಲ. ಇಲ್ಲೇ ಕೂತಿದ್ದೆ. ಕೆಲಸಕ್ಕೆ ತಡವಾಯ್ತು. ಅದು ಏನು ಅಂತ ನನಗೆ ಗೊತ್ತಿಲ್ಲ. ಹೆಸರಿಡೋಕೆ ಬರಲ್ಲ."

"ನನಗೆ ಅಷ್ಟು ಸಾಕು."

"ಸಾಲದು."

"ಸಾಕು ಅಂತ ನಾನು ಹೇಳ್ತಿದ್ದೀನಲ್ಲ!" ಅವನ ದನಿ ಮೊದಲ ಸಲ ಏರಿತು. ಫೆರಿಯ ಹಗ್ಗ ಬಿಚ್ಚುತ್ತಿದ್ದವನು ಇತ್ತ ತಿರುಗಿ ನೋಡಿದ. ಇವನು ದನಿ ತಗ್ಗಿಸಿದ. "ಅಂಗಡಿ ತೆರೆದ ಕೂಡಲೇ ಮಾಲೀಕರ ಫೋನ್ ಬರುತ್ತೆ. ರಾತ್ರಿಯೆಲ್ಲ ಯೋಚನೆ ಮಾಡಿದೆ. ಆವತ್ತು ಪರೀಕ್ಷೆ ಮಾಡಿದ್ದು ನನ್ನದೇ ತಪ್ಪು. ನಿಜಾನೋ ಸುಳ್ಳೋ, ನನಗೇನೂ ಬೇಕಿಲ್ಲ. ನನ್ನ ಹತ್ತಿರ ಬರೋರಲ್ಲಿ ಅರ್ಧ ಜನ ಕಾಣದೆಯೇ ಕಾಣುತ್ತೆ ಅಂತಾರೆ, ಆರಾಮಾಗಿ ಬದುಕಿದ್ದಾರೆ. ನೀವೂ ಒಂದು ಸಲ ಅಂದುಬಿಡಿ. 'ಹೂಂ, ಬೇಕು, ಇರಿ' ಅಂದರೆ ನಾನು ಇರ್ತೀನಿ. ಜೀವನಪೂರ್ತಿ ಒಂದು ಸಲನೂ ನಿಜಾನಾ ಅಂತ ಕೇಳಲ್ಲ."

ಅವನು ಅವಳ ಕೈ ಹಿಡಿದುಕೊಂಡ. ಅಂಗೈಯಲ್ಲಿ ಮೀನಿನ ಲೋಳೆ ಇತ್ತು. ಬಿಡಿಸಿಕೊಳ್ಳಬೇಕು ಎಂದು ಅವಳಿಗೆ ಅನ್ನಿಸಲಿಲ್ಲ.

ಹೂಂ ಗಂಟಲಿನವರೆಗೆ ಬಂದಿತ್ತು. ಅದಕ್ಕೆ ದಾರಿ ಗೊತ್ತು, ಬಾಯಿ ತೆರೆಯುವ ಕಷ್ಟವೂ ಬೇಕಿರಲಿಲ್ಲ. ಎದುರಿಗೆ ಬೇರೆ ಯಾರೇ ಆಗಿದ್ದರೂ ಇಷ್ಟು ಹೊತ್ತಿಗೆ ಅಂದು ಮುಗಿಸಿರುತ್ತಿದ್ದಳು. ಅವಳು ಅವನ ಮುಖ ನೋಡಿದಳು. ಅವನು ಉಸಿರು ಬಿಗಿಹಿಡಿದು ಕೂತಿದ್ದ. ಈ ಮನುಷ್ಯ ಎಷ್ಟು ವರ್ಷ ಬೇಕಾದರೂ ಹೀಗೇ, ಕೇಳದೆ, ಪಕ್ಕದಲ್ಲಿ ಕೂತಿರುತ್ತಾನೆ ಎಂದು ಅವಳಿಗೆ ಖಂಡಿತವಾಗಿ ಗೊತ್ತಾಯಿತು.

"ಸುಳ್ಳಾದರೂ ಪರವಾಗಿಲ್ಲ," ಎಂದ ಅವನು. "ಅನ್ನಿ."

"ಇಲ್ಲ," ಎಂದಳು ಅವಳು. "ನಿಮಗೆ ಮಾತ್ರ ಸುಳ್ಳು ಅನ್ನಲ್ಲ."