ತಟ್ಟೆಯ ಕೆಳಗಿನ ಒದ್ದೆ ಬಟ್ಟೆ

ಹುರಿದ ಈರುಳ್ಳಿ, ಸೀಮೆಎಣ್ಣೆ, ಜೊತೆಗೊಂದಿಷ್ಟು ಉಪ್ಪುಗಾಳಿ. ಟ್ರಂಕಿನಿಂದ ತೆಗೆದ ಖಾಕಿ ಬಟ್ಟೆಯನ್ನು ಅಂಜನಮ್ಮಜ್ಜಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

“ಇದೇ ವಾಸನೆ ಕಣೇ! ನಾನು ನಿನ್ನಷ್ಟಿದ್ದಾಗ ನಮ್ಮಪ್ಪ ಹಡಗಿಂದ ಬಂದ್ರೆ ಮನೆಯೆಲ್ಲಾ ಹಿಂಗೇ ಘಮ್ ಅಂತಿತ್ತು.”

ದೀಪ್ತಿ ಬಟ್ಟೆಯನ್ನು ಬಿಡಿಸಿ ನೋಡಿದಳು. ಮುಖ ಸಪ್ಪಗಾಯಿತು. “ಅಜ್ಜಿ, ಇದು ಏಪ್ರನ್! ಕ್ಯಾಪ್ಟನ್ ಕೋಟ್ ಎಲ್ಲಿ?”

“ಕ್ಯಾಪ್ಟನ್ನಾ? ನಿಮ್ಮ ಮುತ್ತಜ್ಜ ಸರಕು ಹಡಗಲ್ಲಿ ಅಡುಗೆಯೋರು. ಕೆಂಗೇರಿಯಿಂದ ಮುಂಬೈ ಹೋಟೆಲಿಗೆ ಹೋದೋರು, ಅಲ್ಲಿಂದ ಹಡಗು ಹತ್ತಿದ್ರು.”

“ಅಯ್ಯೋ! ನಾನು ಕ್ಲಾಸಲ್ಲಿ ಕ್ಯಾಪ್ಟನ್ ಅಂತ ಹೇಳ್ಬಿಟ್ಟಿದೀನಿ!”

ಮುತ್ತಜ್ಜ ಹಡಗಿನಲ್ಲಿದ್ದರು ಎಂದಷ್ಟೇ ಅವಳು ಕೇಳಿದ್ದಳು. ಮಿಕ್ಕಿದ್ದನ್ನು ತಾನೇ ಸೇರಿಸಿಕೊಂಡಿದ್ದಳು. ನಾಳೆ ವರಲಕ್ಷ್ಮಿ ಮಿಸ್ ಕ್ಲಾಸಿನಲ್ಲಿ ಮನೆಯ ಹಿರಿಯರ ಕೆಲಸದ ಬಗ್ಗೆ ಮಾತಾಡಬೇಕು, ಏನಾದರೂ ತೋರಿಸಲೂ ಬೇಕು. “ಬಸವೇಶ್ವರನಗರದಲ್ಲಿ ಮಳೆ ಬಂದ್ರೆ ಹಡಗು ಓಡುತ್ತಾ?” ಎಂದು ಅವಳ ಕ್ಲಾಸಿನ ಸಮರ್ಥ ಆಗಲೇ ರೇಗಿಸಿದ್ದ. ಅಡುಗೆಯವರು ಎಂದರೆ ಇನ್ನು ಬಿಡುತ್ತಾನೆಯೇ?

ಊಟದ ಹೊತ್ತಿಗೆ ಅಜ್ಜಿ ಎಂದಿನಂತೆ ಪ್ರತಿ ತಟ್ಟೆಯ ಕೆಳಗೂ ಹಿಂಡಿದ ಒದ್ದೆ ಬಟ್ಟೆ ಹಾಸಿದರು.

“ಇದೊಂದು ಬೇರೆ! ಯಾರ ಮನೇಲೂ ಹಿಂಗೆ ಮಾಡಲ್ಲ,” ದೀಪ್ತಿ ಸಿಡುಕಿದಳು.

“ನಮ್ಮಪ್ಪ ಮಾಡ್ತಿದ್ರು, ನನಗೂ ಅದೇ ರೂಢಿ. ಹಡಗು ಓಲಾಡಿದ್ರೆ ತಟ್ಟೆ ಜಾರುತ್ತಲ್ವಾ? ಒದ್ದೆ ಬಟ್ಟೆ ಹಾಕಿದ್ರೆ ನಿಲ್ಲುತ್ತೆ. ರಜಕ್ಕೆ ಮನೆಗೆ ಬಂದ್ರೂ ಅವರ ಕೈ ಕೇಳ್ತಿರ್ಲಿಲ್ಲ.” ಅಜ್ಜಿ ನಕ್ಕರು. “ಬಿರುಗಾಳಿ ಬಂದಾಗ ಎಲ್ರೂ ಹಸಿವಿಲ್ಲ ಅಂತ ಮಲಗಿರೋರಂತೆ. ಅಪ್ಪ ಬಲವಂತ ಮಾಡ್ತಿರ್ಲಿಲ್ಲ. ಸುಮ್ನೆ ತಟ್ಟೆ ಪಕ್ಕದಲ್ಲಿಟ್ಟು ಬರೋರು. ಆಮೇಲೆ ನೋಡಿದ್ರೆ ತಟ್ಟೆ ಖಾಲಿ!”

ದೀಪ್ತಿ ಟ್ರೇ ತಂದಳು. ಒದ್ದೆ ಬಟ್ಟೆ ಹಾಸಿ, ಖಾಲಿ ತಟ್ಟೆಯಿಟ್ಟು ಓರೆ ಮಾಡಿದಳು. ತಟ್ಟೆ ಅಲುಗಲಿಲ್ಲ. ಬಟ್ಟೆ ತೆಗೆದು ಮತ್ತೆ ಓರೆ ಮಾಡಿದಳು. ಠಣ್!

“ಅಜ್ಜಿ, ಈ ಟ್ರೇ ನಾಳೆ ನನಗೆ ಬೇಕು!”

ಮರುದಿನ ಅವಳು ಏಪ್ರನ್ ಕಟ್ಟಿಕೊಂಡು ಕ್ಲಾಸಿನ ಮುಂದೆ ನಿಂತಳು.

“ನಮ್ಮ ಮುತ್ತಜ್ಜ ದೊಡ್ಡಹನುಮಯ್ಯ ಕ್ಯಾಪ್ಟನ್ ಅಲ್ಲ. ಹಡಗಿನ ಕುಕ್,” ಎಂದು ಒಂದೇ ಉಸಿರಿಗೆ ಹೇಳಿದಳು.

“ಅಡುಗೆಭಟ್ರು!” ಸಮರ್ಥ ಕಿಸಕ್ಕೆಂದ.

“ಹೌದು. ಬಾರೋ, ನೀನೇ ಬಿರುಗಾಳಿ.”

ಕ್ಲಾಸೆಲ್ಲ ನಕ್ಕಿತು. ಸಮರ್ಥ ಟ್ರೇ ಹಿಡಿದು ಎಡಕ್ಕೂ ಬಲಕ್ಕೂ ಓಲಾಡಿಸಿದ. ಒದ್ದೆ ಬಟ್ಟೆಯ ಮೇಲಿದ್ದ ತಟ್ಟೆ ಜಾರಲೇ ಇಲ್ಲ. ಮಿಸ್ ಚಪ್ಪಾಳೆ ತಟ್ಟಿದರು.

“ಬಟ್ಟೆ ಯಾಕೆ? ನನ್ನ ಡಬ್ಬಿ ಹಂಗೇ ನಿಲ್ಲುತ್ತೆ, ನೋಡ್ರೋ!” ಸಮರ್ಥ ಬಟ್ಟೆ ಕಿತ್ತುಹಾಕಿ, ತನ್ನ ಊಟದ ಡಬ್ಬಿಯಿಟ್ಟು ಜೋರಾಗಿ ಓರೆ ಮಾಡಿದ. ಡಬ್ಬಿ ಸೊಯ್ಯನೆ ಜಾರಿ ನೆಲಕ್ಕೆ ಬಿತ್ತು. ಮುಚ್ಚಳ ಬಿಚ್ಚಿಕೊಂಡು ಪುಳಿಯೋಗರೆಯೆಲ್ಲ ಚೆಲ್ಲಾಪಿಲ್ಲಿ.

ಊಟದ ಬೆಲ್ ಹೊಡೆದಾಗ ಸಮರ್ಥ ಡೆಸ್ಕಿನ ಮೇಲೆ ತಲೆಯಿಟ್ಟಿದ್ದ.

“ನಮ್ಮ ಜೊತೆ ಬಾರೋ,” ಹುಡುಗರು ಕರೆದರು.

“ನನಗೆ ಹಸಿವಿಲ್ಲ, ಹೋಗ್ರೋ.”

ಡಬ್ಬಿ ಬಿಚ್ಚುತ್ತಿದ್ದ ದೀಪ್ತಿಯ ಕೈ ನಿಂತಿತು. ನಿನ್ನೆ ರಾತ್ರಿಯಷ್ಟೇ ಈ ಮಾತು ಕೇಳಿದ್ದಳು.

ಅವಳು ಎದ್ದು ನಲ್ಲಿಯಲ್ಲಿ ಕರ್ಚೀಫು ಒದ್ದೆ ಮಾಡಿ ಹಿಂಡಿದಳು. ಅದನ್ನು ಸಮರ್ಥನ ಡೆಸ್ಕಿನ ಮೇಲೆ ಹಾಸಿದಳು. ತನ್ನ ಡಬ್ಬಿಯ ಮುಚ್ಚಳಕ್ಕೆ ಚಿತ್ರಾನ್ನದಲ್ಲಿ ಅರ್ಧ ಹಾಕಿ, ಆ ಕರ್ಚೀಫಿನ ಮೇಲಿಟ್ಟಳು.

ಮಾತಾಡಿಸದೆ ತನ್ನ ಜಾಗಕ್ಕೆ ಹೋಗಿ ಕೂತಳು. ತಿರುಗಿಯೂ ನೋಡಲಿಲ್ಲ.